ಹೆಸರಿಡದ ಹತ್ತೊಂಬತ್ತು ನಿಮಿಷ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಹೇಳಿಕೊಳ್ಳಲಿ. ಶಿರಸಿ ಬಸ್‌ಸ್ಟ್ಯಾಂಡಿನ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟುಕೊಂಡು, ಬೆಳಗಿನಿಂದ ಸಂಜೆಯವರೆಗೆ ಪಹಣಿ, ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡುಗಳ ನಕಲು ತೆಗೆಯುತ್ತ, "ಬಸ್ಸು ಬಿಡ್ತದೆ, ಬೇಗ ಕೊಡಿ" ಎಂಬ ಒಂದೇ ಮಾತನ್ನು ಕೇಳುವವಳಿಗೆ ಸಿಟ್ಟಲ್ಲದೆ ಇನ್ನೇನು ಬರಬೇಕು? ಆದರೆ ಒಂದು ಶುಕ್ರವಾರ ಬಂದ ಸಿಟ್ಟಿಗೆ ಮಾತ್ರ ನಾನು ಯಾವ ನೆಪವನ್ನೂ ಹೇಳಲಾರೆ.

ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಬನವಾಸಿ ರಸ್ತೆಯ ನಮ್ಮ ಹಳ್ಳಿಯಲ್ಲಿ ಸೋಬಾನೆ ಪದ ಹಾಡುವವಳು. ಮದುವೆಯ ಒಂದೊಂದು ಕೆಲಸಕ್ಕೂ ಒಂದೊಂದು ಪದ. ಹಂದರ ಹಾಕುವಾಗ ಒಂದು, ಅರಿಶಿನ ಹಚ್ಚುವಾಗ ಒಂದು, ಆರತಿಗೆ ಒಂದು. ಅವಳು ಮುಂದೆ ನಿಂತು ಒಂದು ಸಾಲು ಹೇಳಿದರೆ ಹಿಂದಿನ ಹೆಂಗಸರು ಅದನ್ನೇ ಎತ್ತಿಕೊಂಡು ಹಾಡುತ್ತಾರೆ. ಎಲ್ಲದರ ಕೊನೆಗೆ ಹೆಣ್ಣು ಒಪ್ಪಿಸುವ ಪದ. ಮದುಮಗಳು ಅಪ್ಪನಿಂದ ಹಿಡಿದು ಮನೆಯ ಒಬ್ಬೊಬ್ಬರ ಕಾಲಿಗೂ ಬೀಳುತ್ತ ಬಂದ ಹಾಗೆ ಪದವೂ ಒಬ್ಬೊಬ್ಬರ ಹೆಸರಿನಲ್ಲಿ ಸಾಗುತ್ತದೆ. ಅದು ಮುಗಿಯದೆ ಹುಡುಗಿ ಹೊಸ್ತಿಲು ದಾಟುವಂತಿಲ್ಲ.

ಈ ಪದಕ್ಕೊಂದು ಕಟ್ಟುಪಾಡಿದೆ. ಹೆಣ್ಣು ಒಪ್ಪಿಸುವ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಯಾರ ಮನೆಯಲ್ಲೂ ಅದನ್ನು ಹಾಡಬಾರದು. ಹಾಡಿದರೆ ಆ ಮನೆಯ ಹೆಣ್ಣುಮಗಳು ಹೋಗಬಾರದ ಹೊತ್ತಿನಲ್ಲಿ ಮನೆ ಬಿಟ್ಟು ಹೋಗುತ್ತಾಳಂತೆ. ಗುನುಗುವಂತಿಲ್ಲ, ಬರೀ ಮಾತಿನಲ್ಲಿ ಒಂದು ಸಾಲು ಹೇಳುವಂತೆಯೂ ಇಲ್ಲ. ಕಲಿಯಬೇಕಾದವರು ಮದುವೆಗಳಲ್ಲಿ ಮುಂದಿನವಳ ಬೆನ್ನಿಗೆ ನಿಂತೇ ಕಲಿಯಬೇಕು. ನನಗೆ ಇಂಥದ್ದರಲ್ಲೆಲ್ಲ ನಂಬಿಕೆ ಇಲ್ಲ ಎಂದು ನಾನು ಕಂಡಕಂಡವರ ಮುಂದೆ ಹೇಳಿಕೊಂಡು ತಿರುಗುತ್ತೇನೆ. ಆದರೂ ಆ ಪದದ ಒಂದು ಸಾಲನ್ನೂ ಇಲ್ಲಿ ಬರೆಯುವುದಿಲ್ಲ. ಈ ಪುಸ್ತಕ ನಿಮ್ಮ ಮನೆಯಲ್ಲಿ ಇರುತ್ತದಲ್ಲ.

ನನ್ನ ಮದುವೆಯಲ್ಲೂ ಅವಳು ಹಾಡಿದಳು. ನನ್ನನ್ನು ಕೊಟ್ಟದ್ದು ಶಿರಸಿಗೆ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ನಾನು ಸಮುದ್ರ ದಾಟಿ ಹೋಗುವವಳೋ ಎಂಬಂತೆ ಅವಳು ಒಂದು ಸಾಲನ್ನೂ ಬಿಡದೆ ಹಾಡುತ್ತಿದ್ದರೆ, ನಾನು ತಲೆ ತಗ್ಗಿಸಿಕೊಂಡೇ "ಸಾಕ ಮುಗಸ ದೊಡ್ಡವ್ವಾ, ಮಂಗಳವಾರ ಮತ್ತ ಬರ್ತೇನಿ" ಎಂದೆ. ನೆತ್ತಿಯ ಮೇಲೊಂದು ಮೊಟಕಿ ಹಾಡು ಮುಂದುವರಿಸಿದಳು.

ಅಂಗಡಿ ಹಾಕಿದ ಹೊಸತರಲ್ಲಿ, ಕಂಪ್ಯೂಟರಿನ ಜೊತೆಗೆ ನನ್ನ ಖುಷಿಗೆಂದು ಒಂದು ಮ್ಯೂಸಿಕ್ ಪ್ಲೇಯರ್ ಕೊಂಡಿದ್ದೆ. ಅಂಗೈ ಅಗಲದ ಬಿಳಿ ಡಬ್ಬಿ. ಅದರ ತಲೆಗೊಂದು ಪುಟ್ಟ ಮೈಕು ಸಿಕ್ಕಿಸಿದರೆ ಸುತ್ತಲಿನ ದನಿಯೂ ರೆಕಾರ್ಡ್ ಆಗುತ್ತಿತ್ತು. ಊರಿನ ಮದುವೆಗಳಿಗೆ ಹೋದಾಗ ಅದನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ದೊಡ್ಡವ್ವನ ಪಕ್ಕ ನಿಲ್ಲುತ್ತಿದ್ದೆ. ಅಂಗಡಿಗೆ ಬಂದು ಕಂಪ್ಯೂಟರಿಗೆ ಹಾಕಿ ಒಂದೊಂದಕ್ಕೂ ಹೆಸರು ಕೊಡುತ್ತಿದ್ದೆ. ಹೆಣ್ಣು ಒಪ್ಪಿಸುವ ಪದ ಬಂದಾಗ ಮಾತ್ರ ಹೆಸರಿನ ಜಾಗ ಖಾಲಿ ಬಿಟ್ಟೆ. ನಂಬಿಕೆ ಇಲ್ಲ ಎನ್ನುವವಳ ಬೆರಳು ಅಲ್ಲಿ ಯಾಕೋ ಏಳಲಿಲ್ಲ.

ಆ ಪ್ಲೇಯರಿನ ಒಂದು ಚಾಳಿ ಎಂದರೆ, ಹಾಡು ಹಾಕಬೇಕಾದರೂ ತೆಗೆಯಬೇಕಾದರೂ ಅದನ್ನು ಮಾಡಿದ ಕಂಪನಿಯದೇ ಸಾಫ್ಟ್‌ವೇರ್ ಬೇಕು, ಅದೂ ಮೊದಲು ಪರಿಚಯವಾದ ಕಂಪ್ಯೂಟರಿನಲ್ಲೇ ಆಗಬೇಕು. ಒಂದು ಮೇ ತಿಂಗಳ ಸಿಡಿಲಿಗೆ ನನ್ನ ಕಂಪ್ಯೂಟರ್ ಸುಟ್ಟುಹೋಯಿತು. ನಮ್ಮ ಮಳೆಗಾಲದ ಥಂಡಿಗೆ ಪ್ಲೇಯರಿನ ಇಯರ್‌ಫೋನ್ ಸಿಕ್ಕಿಸುವ ತೂತಿಗೂ ಜಂಗು ಹಿಡಿದು ದನಿ ಬರುವುದು ನಿಂತಿತು. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲ್ ಬಂದಿದ್ದರಿಂದ ನಾನದನ್ನು ಟೇಬಲ್ಲಿನ ಖಾನೆಗೆ ಎಸೆದು ಮರೆತೆ.

ನಾಲ್ಕು ವರ್ಷದ ಹಿಂದೆ ದೊಡ್ಡವ್ವನ ಗಂಟಲಲ್ಲಿ ಗಂಟು ಕಾಣಿಸಿಕೊಂಡು ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಎರಡು ತಿಂಗಳು ಬಾಯಿ ಬಿಡಬಾರದು ಎಂದರು ಡಾಕ್ಟರು. ಪಿಸುಮಾತಾದರೂ ಆಡಬಹುದೇ ಎಂದು ನಾನು ಕೇಳಿದ್ದಕ್ಕೆ, ಅದಂತೂ ಬೇಡವೇ ಬೇಡ, ಪಿಸುಗುಟ್ಟಿದರೆ ಗಂಟಲಿಗೆ ಇನ್ನೂ ಹೆಚ್ಚು ಏಟು, ದನಿ ಹೋದರೆ ಹೋದ ಹಾಗೇ ಎಂದರು. ದೊಡ್ಡವ್ವ ಒಂದು ಸ್ಟೀಲಿನ ಲೋಟ ಇಟ್ಟುಕೊಂಡು ಮನೆ ಆಳತೊಡಗಿದಳು. ನೆಲಕ್ಕೆ ಒಮ್ಮೆ ಕುಟ್ಟಿದರೆ ಹೌದು, ಎರಡು ಸಲ ಕುಟ್ಟಿದರೆ ಅಲ್ಲ. ಮೂರು ಸಲ ಕುಟ್ಟಿದರೆ ಸೊಸೆ ಓಡಿ ಬರಬೇಕು.

ಆಪರೇಷನ್ನಾಗಿ ಐದು ವಾರಕ್ಕೆ ಅವಳ ಮಗನ ಮಗಳ ಮದುವೆ. ದಿನ ಮೊದಲೇ ಗೊತ್ತಾಗಿತ್ತು, ಗಂಡಿನ ಕಡೆಯವರು ಯಲ್ಲಾಪುರದವರು. ಆ ಬುಧವಾರ ನಾನು ಊರಿಗೆ ಹೋದಾಗ ಅತ್ತಿಗೆ, ಅಂದರೆ ದೊಡ್ಡವ್ವನ ಸೊಸೆ, ಮದುಮಗಳ ತಾಯಿ, ಅಕ್ಕಿ ಹಸನು ಮಾಡುತ್ತಿದ್ದಳು.

"ಒಪ್ಪಸೂ ಪದಕ್ಕ ಏನ ಮಾಡೂದವಾ? ಹಿಂದ ಹಾಡಾವ್ರು ಹತ್ತ ಮಂದಿ ಅದಾರ, ಮುಂದ ಹಾಡಾವ್ರು ಒಬ್ರೂ ಇಲ್ಲ" ಎಂದಳು. ಸ್ವಲ್ಪ ತಡೆದು, "ಮೊಬೈಲ್‌ನಾಗ ಯಾವ್ದರ ಒಂದ ಹಚ್ಚಿದ್ರಾತು" ಎಂದೂ ಸೇರಿಸಿದಳು.

ದೊಡ್ಡವ್ವನ ಲೋಟ ಎರಡು ಸಲ ಕುಟ್ಟಿತು. ಆಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊರಿನ ಎಲ್ಲ ಹೆಣ್ಣುಮಕ್ಕಳನ್ನೂ ಹಾಡಿ ಕಳಿಸಿದವಳು ತನ್ನ ಮೊಮ್ಮಗಳನ್ನು ಮೂಕಳ ಹಾಗೆ ಕಳಿಸಬೇಕು. ಅವಳಿಗೆ ಓದು ಬರಹ ಬರುವುದಿಲ್ಲ, ಬರೆದುಕೊಡುವ ಮಾತಿಲ್ಲ. ಅವಳ ಬೆನ್ನು ನೋಡುತ್ತ ಕೂತಾಗ ನನಗೆ ಖಾನೆಯಲ್ಲಿದ್ದ ಪ್ಲೇಯರ್ ನೆನಪಾಯಿತು. "ದೊಡ್ಡವ್ವಾ, ನಿನ್ನ ದನಿ ನನ್ನ ಹತ್ರ ಐತಿ. ನಾ ಕಲ್ತು ಹಾಡ್ತೇನಿ" ಎಂದೆ. ಹಿಂದಿನ ಸಾಲಿನಲ್ಲಿ ನಿಂತು ಅಭ್ಯಾಸವಿತ್ತು, ದನಿಯಂತೂ ಅಂಗಡಿಯಲ್ಲಿ ಕೂಗಿ ಕೂಗಿ ಗಟ್ಟಿಯಾಗಿತ್ತು.

ಅವಳು ಎದ್ದು ಕೂತಳು. ಆದರೆ ಎಲ್ಲಿ ಕೇಳುತ್ತೀ ಎಂದು ಕೈಯಲ್ಲೇ ಕೇಳಿದಳು. ನನ್ನ ಮನೆಯಲ್ಲಿ ಎಂದೆ, ಲೋಟ ಎರಡು ಸಲ ಕುಟ್ಟಿತು. ಅಂಗಡಿಯಲ್ಲಿ ಎಂದೆ, ಮತ್ತೆ ಎರಡು ಸಲ. ಅಲ್ಲಿ ದಿನಾ ದೀಪ ಹಚ್ಚುತ್ತೇನಲ್ಲ, ಅದೂ ಮನೆಯೇ. ದೇವಸ್ಥಾನ ಎಂದದ್ದಕ್ಕೆ ಕಣ್ಣು ಕೆಕ್ಕರಿಸಿದಳು. ನನಗೂ ರೇಗಿ, "ಹಂಗಾರ ಬಸ್ಸಿನ್ಯಾಗ ಕುಂತ ಕೇಳ್ಲೇನು?" ಎಂದೆ. ದೊಡ್ಡವ್ವ ಬಹಳ ಹೊತ್ತು ಯೋಚಿಸಿದಳು. ಬಸ್ಸು ಯಾರ ಮನೆಯೂ ಅಲ್ಲ. ಲೋಟ ಒಮ್ಮೆ ಕುಟ್ಟಿತು.

ಗುರುವಾರ ಪ್ಲೇಯರನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ ಕಂಪನಿಯ ಸಾಫ್ಟ್‌ವೇರ್ ಹಾಕಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಬಂತು. ಈ ಪ್ಲೇಯರ್ ಬೇರೆ ಕಂಪ್ಯೂಟರಿಗೆ ಸೇರಿದ್ದು, ಇದರಲ್ಲಿರುವುದನ್ನೆಲ್ಲ ಅಳಿಸಿ ಇಲ್ಲಿಗೆ ಜೋಡಿಸಲೇ? ನನ್ನ ಕೈ ಮೌಸಿನ ಮೇಲೇ ಇತ್ತು. ದಿನವಿಡೀ ಯಾವುದನ್ನೂ ಓದದೆ ಸರಿ ಸರಿ ಎಂದು ಒತ್ತುವ ಕೈ ಅದು. ಹೇಗೋ ತಡೆಯಿತು. ಬೇಡ ಎಂದು ಒತ್ತಿ, ಪ್ಲೇಯರನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅಂಗಡಿಗೆ ಬೀಗ ಹಾಕಿ ಸಿದ್ದಾಪುರದ ಬಸ್ಸು ಹತ್ತಿದೆ. ಅಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಮಾಡುವವನೊಬ್ಬ ಇದ್ದ, ಕೈ ಒಳ್ಳೆಯದು ಎಂಬ ಹೆಸರಿತ್ತು. ದಾರಿಯಲ್ಲಿ ಕೋಲಸಿರ್ಸಿಯ ಗದ್ದೆಗಳು ಕಾಣುವ ಹೊತ್ತಿಗೆ ನೂರು ಸಲ ಚೀಲ ಮುಟ್ಟಿ ನೋಡಿಕೊಂಡಿದ್ದೆ.

"ಇದ್ರಲ್ಲಿ ಎಂತ ಇದ್ದು ಅಕ್ಕಾ? ಬರೀ ಹಾಡು ಅಲ್ದಾ? ಎಲ್ಲಾ ಅಳ್ಸಿ ಹೊಸ್ತಾಗಿ ತುಂಬಿ ಕೊಡ್ತೆ" ಎನ್ನುತ್ತಲೇ ಅವನು ತಂತಿ ಚುಚ್ಚಿದ. ಅದೇ ಪ್ರಶ್ನೆ ಪರದೆಗೆ ಬಂತು. ಅವನ ಬೆರಳು ಬಾಗುವುದು ಕಂಡೆ. ಪರಗಂಡಸು ಎಂಬುದನ್ನೂ ನೋಡದೆ ಮಣಿಕಟ್ಟು ಹಿಡಿದುಬಿಟ್ಟೆ.

"ಒತ್ತಬ್ಯಾಡ್ರಿ! ಅದರಾಗ ನಮ್ಮ ದೊಡ್ಡವ್ವ ಅದಾಳ."

ಅವನು ಕೈ ಹಿಂದೆಳೆದುಕೊಂಡು ನನ್ನ ಮುಖವನ್ನೇ ನೋಡಿದ. ನಾನು ಎಲ್ಲ ಹೇಳಿದ ಮೇಲೆ ಕುರ್ಚಿ ಎಳೆದುಕೊಟ್ಟ. "ಹಂಗಾರೆ ಕಂಪನಿದು ಮರ್ತುಬಿಡಿ. ಇದೂ ಒಂದು ಪೆನ್‌ಡ್ರೈವ್ ಇದ್ದಾಂಗೇಯ. ಅಡಗಿಸಿಟ್ಟ ಫೋಲ್ಡರ್ ತೋರ್ಸು ಹೇಳಿ ಹಾಕಿರೆ ಹಾಡು ಎಲ್ಲಾ ಕಾಣ್ತು. ಆದ್ರೆ ಹೆಸ್ರು ಇರ್ತಿಲ್ಲೆ, ಅದು ತನ್ನ ಗುರ್ತಿಗೆ ಎಂತದೋ ಅಕ್ಷರ ಹಾಕ್ಕಂಡಿರ್ತು." ನಕಲು ನಡುವೆ ನಿಂತರೂ ಅಲ್ಲಿಯವರೆಗೆ ಬಂದಷ್ಟನ್ನು ಉಳಿಸಿಡುವ ಒಂದು ಸಣ್ಣ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅಲ್ಲೇ ನಕಲು ಮಾಡಿಸಬೇಕೆನ್ನುವಷ್ಟರಲ್ಲಿ ಕರೆಂಟು ಹೋಯಿತು. ಲೈನಿನ ಕೆಲಸವಂತೆ, ಸಂಜೆಯವರೆಗೂ ಇಲ್ಲ. ಹೊರಟವಳನ್ನು ಬಾಗಿಲಲ್ಲಿ ನಿಲ್ಲಿಸಿ ಅವನು ಮತ್ತೆ ಹೇಳಿದ: "ಒಳಗಿನ ಡಿಸ್ಕು ಹಳೇದು, ಟಕ್ ಟಕ್ ಹೇಳ್ತಾ ಇದ್ದು. ಕಾಪಿ ಆಪತನಕ ಮುಟ್ಲಾಗ. ನಿಂತ್ರೂ ಕಾಯವು. ವಾಯರ್ ಮಾತ್ರ ಕೀಳ್ಲಾಗ."

ನಿಂತರೂ ಕಾಯಬೇಕು, ತಂತಿ ಮಾತ್ರ ಕೀಳಬಾರದು. ಇದಕ್ಕಿಂತ ಬಿಡಿಸಿ ಯಾರೂ ಹೇಳಲಾರರು.

ಶುಕ್ರವಾರ ಬೆಳಿಗ್ಗೆ ಅವನು ಹೇಳಿದಂತೆ ಮಾಡಿದೆ. ಅಡಗಿದ್ದ ಫೋಲ್ಡರ್ ಮಸುಕಾಗಿ ಮೂಡಿತು. ಅದರೊಳಗೆ ನಲವತ್ತು ಫೋಲ್ಡರ್, ಒಂದೊಂದರಲ್ಲೂ ಹತ್ತಾರು ಹಾಡು, ಎಲ್ಲಕ್ಕೂ ಅರ್ಥವಿಲ್ಲದ ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರದ ಹೆಸರು. ನಾನು ಇಟ್ಟ ಹೆಸರುಗಳು ಒಂದೂ ಇರಲಿಲ್ಲ. ಒಂದೊಂದನ್ನೇ ತೆರೆದು ನೋಡೋಣವೆಂದರೆ ಅಂಗಡಿಯಲ್ಲೇ ಆ ಪದದ ದನಿ ಬಂದುಬಿಟ್ಟೀತು ಎಂಬ ಅಂಜಿಕೆ ಬೇರೆ. ಆಗ ಒಂದು ಉಪಾಯ ಹೊಳೆಯಿತು. ಎಲ್ಲವನ್ನೂ ಉದ್ದದ ಲೆಕ್ಕದಲ್ಲಿ ಜೋಡಿಸಿದೆ. ಸಿನಿಮಾ ಹಾಡು ನಾಲ್ಕೈದು ನಿಮಿಷ, ಆರತಿ ಪದ ಆರು ನಿಮಿಷ. ಎಲ್ಲಕ್ಕೂ ಮೇಲೆ ಒಂದೇ ಒಂದು, ಹತ್ತೊಂಬತ್ತು ನಿಮಿಷದ್ದು, ನಿಂತಿತ್ತು. ಅದನ್ನು ಕಂಡು ಅಂಗಡಿಯಲ್ಲಿ ಒಬ್ಬಳೇ ನಕ್ಕೆ.

ಮೊದಲು ಅದೊಂದರದೇ ನಕಲು ಶುರು ಮಾಡಿದೆ. ಹಸಿರು ಪಟ್ಟಿ ತೆವಳಿಕೊಂಡು ಅರ್ಧ ದಾಟಿತು. ಅಲ್ಲಿಂದ ಮುಂದೆ ಅಲ್ಲಾಡಲಿಲ್ಲ. ಒಳಗಿನಿಂದ ಟಕ್ ಟಕ್ ಕೇಳುತ್ತಿತ್ತು. ಕಾಯಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಐದು ನಿಮಿಷ ಕಾದೆ. ಅಷ್ಟರಲ್ಲಿ ಹುಬ್ಬಳ್ಳಿ ಬಸ್ಸಿಗೆ ಹೊರಟವರೊಬ್ಬರು ಬಂದು ಒಂದು ಕಟ್ಟು ಕಾಗದ ಮುಂದಿಟ್ಟರು. ಮಷಿನ್ನಿನಲ್ಲಿ ಹಾಳೆ ಸಿಕ್ಕಿಕೊಂಡಿತು. ಬಿಡಿಸಿದೆ, ಮತ್ತೆ ಸಿಕ್ಕಿಕೊಂಡಿತು. ಅವರು ಟೇಬಲ್ ಬಡಿಯುತ್ತ "ಬೇಗ, ಬೇಗ" ಎನ್ನುತ್ತಿದ್ದರು. ಹಸಿರು ಪಟ್ಟಿ ಅಲ್ಲೇ ಇತ್ತು, ಟಕ್ ಟಕ್ ನಡೆದೇ ಇತ್ತು. ನನ್ನ ತಲೆ ಕೆಟ್ಟು ಹೋಯಿತು. "ನಿನ್ನ ಮನಿ ಹಾಳಾಗ್ಲಿ" ಎಂದು ಬೈದು ತಂತಿ ಹಿಡಿದು ಕಿತ್ತೆ.

ಪ್ಲೇಯರಿನ ಬೆಳಕು ಆರಿತು. ಮತ್ತೆ ಚುಚ್ಚಿದಾಗ ಹುಬ್ಬು ಗಂಟಿಕ್ಕಿದ ಒಂದು ಪುಟ್ಟ ಮುಖದ ಚಿತ್ರ ಬಂತು, ಆಮೇಲೆ ಅದೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಉಳಿದಿದ್ದು ಹನ್ನೊಂದು ನಿಮಿಷ. ಸಿದ್ದಾಪುರದವನಿಗೆ ಫೋನು ಮಾಡಿದೆ. ಅವನು ಬಯ್ಯಲಿಲ್ಲ. "ಅಯ್ಯೋ, ಹೇಳಿದ್ನಲೇ ಅಕ್ಕಾ" ಎಂದನಷ್ಟೆ.

ಶನಿವಾರ ಆ ಹನ್ನೊಂದು ನಿಮಿಷವನ್ನು ಮೊಬೈಲಿಗೆ ಹಾಕಿಕೊಂಡು, ಬನವಾಸಿ ಬಸ್ಸು ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿದೆ. ಐದು ವಾರದಿಂದ ಲೋಟದ ಸದ್ದನ್ನೇ ಕೇಳಿದವಳ ಕಿವಿಗೆ ದೊಡ್ಡವ್ವನ ತುಂಬು ದನಿ ಬಂತು. ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊಣಕೈ ಮುಟ್ಟಿ, "ಯಾರ ಹೋದ್ರವಾ?" ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಬನವಾಸಿಯಲ್ಲಿ ಇಳಿದು ಶಿರಸಿಯ ಬಸ್ಸು, ಶಿರಸಿಯಲ್ಲಿ ಇಳಿದು ಮತ್ತೆ ಬನವಾಸಿಯ ಬಸ್ಸು. ಕಂಡಕ್ಟರ್ ನನ್ನನ್ನು ತಲೆ ಕೆಟ್ಟವಳೆಂದುಕೊಂಡಿರಬೇಕು. ನಾಲ್ಕನೆಯ ಸುತ್ತಿಗೆ ಹನ್ನೊಂದು ನಿಮಿಷವೂ ಬಾಯಿಗೆ ಬಂತು. ಅಪ್ಪ, ಅವ್ವ, ಅಣ್ಣ, ಚಿಕ್ಕಪ್ಪ, ಇಷ್ಟು ಜನರ ಸರದಿ ಅದರಲ್ಲಿತ್ತು. ಚಿಕ್ಕಮ್ಮನದು ನಡುವೆ ಕಡಿದಿತ್ತು. ಅಜ್ಜಿಯದು ಬರುವುದು ಕೊನೆಗೆ.

ಸಂಜೆ ಹಂದರದ ಕೆಳಗೆ ದೊಡ್ಡವ್ವನ ಪಕ್ಕ ಕೂತು ಅಷ್ಟೇ ಸಿಕ್ಕಿತು ಎಂದು ಹೇಳಿದೆ. ಉಳಿದದ್ದು ಏನಾಯಿತು ಎಂದು ಅವಳು ಕೈ ತಿರುವಿದಳು. "ಅದು ಹಳೇದಾಗಿತ್ತು ದೊಡ್ಡವ್ವಾ. ನಡಬರಕ ತಾನಾಗೇ ನಿಂತ್ಹೋತು" ಎಂದೆ. ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅವಳು ನನ್ನ ಕೆನ್ನೆ ಸವರಿ, ಸಾಕು ಬಿಡು, ಇಷ್ಟಾದರೂ ಸಿಕ್ಕಿತಲ್ಲ ಎಂಬಂತೆ ತಲೆ ಆಡಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಭಾನುವಾರ ನಾಲ್ಕೂವರೆಗೆ ರಾಹುಕಾಲ. ಅದರೊಳಗೆ ಹೆಣ್ಣು ಹೊರಬೀಳಬೇಕು ಎಂದು ಯಲ್ಲಾಪುರದವರು ಊಟಕ್ಕೆ ಮೊದಲೇ ಹೇಳಿದ್ದರು. ನಾಲ್ಕು ಗಂಟೆಗೆ ನಡುಮನೆಯಲ್ಲಿ ನಾನು ಮುಂದೆ ನಿಂತೆ. ಹತ್ತು ಹೆಂಗಸರು ಹಿಂದೆ. ಮೊದಲ ಸಾಲಿಗೆ ದನಿ ನಡುಗಿತು, ಹಿಂದಿನವರು ಎತ್ತಿಕೊಂಡ ಮೇಲೆ ಗಟ್ಟಿಯಾಯಿತು. ಹುಡುಗಿ ಅಪ್ಪನ ಕಾಲಿಗೆ ಬಿದ್ದಳು, ಅವ್ವನ ಕಾಲಿಗೆ ಬಿದ್ದಳು. ಅತ್ತಿಗೆ ಬಿಕ್ಕುವುದು ಕೇಳುತ್ತಿತ್ತು. ನಾನು ಹಾಡುತ್ತಿದ್ದರೂ ಮನಸ್ಸೆಲ್ಲ ಮುಂದೆ ಬರುವ ಆ ಕಡಿದ ಜಾಗದ ಮೇಲೇ ಇತ್ತು. ಚಿಕ್ಕಮ್ಮನ ಸರದಿಗೆ ಇದ್ದಬದ್ದ ಸಾಲುಗಳನ್ನೇ ಎರಡೆರಡು ಸಲ ಹಾಡಿ ಹೇಗೋ ದಾಟಿಸಿದೆ.

ಹುಡುಗಿ ಬಂದು ಅಜ್ಜಿಯ ಕಾಲ ಬಳಿ ಕೂತಳು. ನನ್ನ ಹತ್ತಿರ ಏನೂ ಇರಲಿಲ್ಲ.

ಹಿಂದಿನ ಹೆಂಗಸರು ಕಾದರು. ಯಾರೋ "ಮುಂದ ಹೇಳವಾ" ಎಂದು ಬೆನ್ನು ತಿವಿದರು. ಹೊರಗೆ ಗಾಡಿ ಹಾರ್ನ್ ಬಾರಿಸಿತು. ಗಡಿಯಾರ ನಾಲ್ಕೂ ಹದಿನೈದು ತೋರಿಸುತ್ತಿತ್ತು. ಹುಡುಗಿ ತಲೆ ಎತ್ತಿ, ಮೊದಲು ಅಜ್ಜಿಯನ್ನು, ಆಮೇಲೆ ನನ್ನನ್ನು ನೋಡಿ, "ಅತ್ತೀ, ಅಜ್ಜೀದು ಇಲ್ಲೇನು?" ಎಂದಳು.

ದೊಡ್ಡವ್ವ ಮಣೆಯಿಂದ ಎದ್ದಳು. ನನ್ನ ಭುಜ ಹಿಡಿದು, ಬಾಯಿಯನ್ನು ನನ್ನ ಕಿವಿಗೆ ತಂದಳು. ಬಿಸಿ ಉಸಿರು ತಾಗಿತು, ಅದರ ಜೊತೆಗೆ ಒಂದು ಸಾಲು. ಗಾಳಿಯಲ್ಲಿ ಮರಳು ಉಜ್ಜಿದ ಹಾಗಿತ್ತು ಆ ಪಿಸುಮಾತು. ಹೌದು, ಈಗ ಅದನ್ನು ಹೇಳಬಹುದಿತ್ತು, ಇದು ಆ ಪದದ ಹೊತ್ತೇ ಅಲ್ಲವೇ. ಡಾಕ್ಟರು ಹೇಳಿದ್ದು ತಲೆಗೆ ಬಂದು ನಾನು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಅವಳು ಕೈ ಕಿತ್ತು ಪಕ್ಕಕ್ಕೆ ಹಾಕಿ, ಅದೇ ಸಾಲನ್ನು ಮತ್ತೊಮ್ಮೆ ಹೇಳಿದಳು. ತಡೆದಷ್ಟೂ ಅವಳು ಎರಡೆರಡು ಸಲ ಹೇಳಬೇಕಾಗುತ್ತದೆ ಎಂದು ತಿಳಿದು, ನಾನು ಹಾಡಿದೆ. ಹಿಂದಿನವರು ಎತ್ತಿಕೊಂಡರು. ಅವರು ಹಾಡುವಷ್ಟು ಹೊತ್ತು ಅವಳು ಉಸಿರು ತೆಗೆದುಕೊಳ್ಳುತ್ತಿದ್ದಳು, ಆಮೇಲೆ ಮುಂದಿನದು. ಹೀಗೆ ಸಾಗಿತು, ನಾನು ಕಳೆದಿದ್ದ ಎಂಟು ನಿಮಿಷದ ಪದ. ಅಜ್ಜಿಯ ಸರದಿಯ ಒಂದು ಸಾಲು ಗದ್ದಲದಲ್ಲಿ ನನಗೆ ತಿಳಿಯದೆ ತಪ್ಪು ಹಾಡಿದೆ. ಅವಳು ನನ್ನ ಭುಜ ಅಲುಗಿಸಿ ತಿದ್ದಿದಳು, ಮತ್ತೊಮ್ಮೆ ಹೇಳಿ. ಪ್ರತಿ ಸಾಲಿಗೂ ಆ ದನಿ ತೆಳ್ಳಗಾಗುತ್ತ ಬಂದದ್ದು ನನ್ನೊಬ್ಬಳ ಕಿವಿಗೆ ಮಾತ್ರ ಗೊತ್ತು. ಕೊನೆಯ ಸಾಲಿನಲ್ಲಿ ಬರೀ ತುಟಿ ಇತ್ತು. ಹಿಂದೆಲ್ಲ ಕೇಳಿದ್ದ ನೆನಪಿನಿಂದ ಅದನ್ನು ಊಹಿಸಿ ಹಾಡಿದೆ.

ಹುಡುಗಿ ಹೊಸ್ತಿಲು ದಾಟುವಾಗ ರಾಹುಕಾಲಕ್ಕೆ ಇನ್ನೂ ಎರಡು ನಿಮಿಷವಿತ್ತು. ಎಲ್ಲರೂ ಗಾಡಿಯ ಕಡೆ ಓಡಿದರು. ದೊಡ್ಡವ್ವ ಗೋಡೆಗೆ ಒರಗಿ, ಕಣ್ಣು ಒರೆಸಿಕೊಳ್ಳುತ್ತ, ನನ್ನನ್ನು ನೋಡಿ ನಗುತ್ತಿದ್ದಳು.

ಮೂರು ವಾರ ಬಿಟ್ಟು ಹುಬ್ಬಳ್ಳಿಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ದೀಪ ಬಿಟ್ಟು ನೋಡಿ, ಆ ಎನ್ನಿ ಎಂದರು. ಗಾಳಿ ಬಂತು, ದನಿ ಬರಲಿಲ್ಲ. ಮತ್ತೊಮ್ಮೆ ಎಂದರು, ಆಗಲೂ ಬರಲಿಲ್ಲ. "ನಡುವೆ ಏನಾದರೂ ಮಾತಾಡಿದ್ರಾ?" ಎಂದು ಕೇಳಿದರು. ದೊಡ್ಡವ್ವ ಇಲ್ಲ ಎಂದು ತಲೆ ಆಡಿಸಿದಳು. ಅವರು ನನ್ನ ಮುಖ ನೋಡಿದರು. ನಾನೂ ಇಲ್ಲ ಎಂದೆ. ಕೆಲವರಿಗೆ ಹೀಗೂ ಆಗುತ್ತದೆ, ಏನೂ ಹೇಳಲಿಕ್ಕೆ ಬರುವುದಿಲ್ಲ ಎಂದು ಅವರು ಚೀಟಿ ಬರೆದರು. ಆ ದನಿ ಆಮೇಲೆ ಬರಲೇ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಗಂಟಲಿಗೆ ಬೆರಳು ಮುಟ್ಟಿಸಿ, ಇನ್ನು ಊರಿನ ಮದುವೆಗಳಿಗೆಲ್ಲ ನೀನೇ ಎಂದು ಸನ್ನೆ ಮಾಡಿದಳು. ಆಮೇಲೆ ಕೈಯಲ್ಲಿ ಪ್ಲೇಯರಿನ ಚೌಕ ಬರೆದು, ಪಾಪ, ಅದೂ ನನ್ನ ಹಾಗೆ ಮುದಿಯಾಗಿತ್ತು, ಅದರದ್ದೇನು ತಪ್ಪು ಎಂಬಂತೆ ನಕ್ಕಳು. ತಂತಿ ಕಿತ್ತವಳು ನಾನು ಎಂದು ಹೇಳಲು ಬಾಯಿ ತೆರೆದೆ. ಅವಳು ಕಾಯುತ್ತಿದ್ದಳು, ನನ್ನ ತುಟಿಯನ್ನೇ ನೋಡುತ್ತ. "ನೀರು ಬೇಕೇನ ದೊಡ್ಡವ್ವಾ?" ಎಂದು ಕೇಳಿದೆ.